ಅಂಗೈಗೆ ಕೇಳಿದ್ದು

ಆ ಮನೆಯಲ್ಲಿ ಸದ್ದು ನನ್ನೊಬ್ಬಳದೇ ಆಸ್ತಿ.
ನಲ್ಲಿ ತೊಟ್ಟಿಕ್ಕಿದರೆ ನಾನೇ ಏಳಬೇಕು.
ಹಾಲು ಉಕ್ಕುವ ಮುಂಚಿನ ಸುಯ್ಯೆನ್ನುವ ಉಸಿರು,
ಹಿಂಬಾಗಿಲಲ್ಲಿ ನಿಂತ ಪೋಸ್ಟಿನವನ ಕೆಮ್ಮು,
ಎಲ್ಲ ನನ್ನ ಲೆಕ್ಕಕ್ಕೆ.
ಅಪ್ಪನಿಗೂ ಅಮ್ಮನಿಗೂ ಹುಟ್ಟಿನಿಂದಲೇ ಕಿವಿ ಕೇಳದು.
ನನಗಾಗ ಒಂಬತ್ತು.

ಊರು ಬ್ಲಫ್. ನ್ಯೂಜಿಲೆಂಡಿನ ರಸ್ತೆ ಅಲ್ಲಿಗೆ ಮುಗಿಯುತ್ತದೆ,
ಆಮೇಲೆ ಗಾಳಿಯದೇ ದರಬಾರು.
ಅಪ್ಪ ಮರ್ಡೊಗೆ ಸಿಂಪಿ ಬಿಡಿಸುವ ಶೆಡ್ಡಿನಲ್ಲಿ ಕೆಲಸ:
ಎಡಗೈಲಿ ಚಿಪ್ಪು, ಬಲಗೈಲಿ ಮೋಟು ಚಾಕು,
ಒಂದೇ ತಿರುವು, ಒಳಗಿನ ಕಡಲು ಬಟ್ಟಲಿಗೆ.
ಸಂಜೆ ಅದೇ ಕೈಗಳಲ್ಲಿ ಮಾತು.
ಬೆರಳಿಗೆ ಪಟ್ಟಿ ಸುತ್ತಿದ ದಿನ
ಅಪ್ಪ ತೊದಲುತ್ತಿದ್ದ.

ಜೂನಿನ ಚಳಿ. ಹೀಟರು, ಗೀಸರು, ಒಲೆ
ಮೂರೂ ಒಟ್ಟಿಗೆ ಉರಿದ ರಾತ್ರಿ
ಹಜಾರದ ಸ್ವಿಚ್‌ಬೋರ್ಡು ಗುಂಯ್ ಎಂದಿತು.
ಮೊದಲು ಮೆಲ್ಲಗೆ,
ಬಾಯಿ ಮುಚ್ಚಿಯೇ ರಾಗ ಹುಡುಕಿದ ಹಾಗೆ.
ಹೀಟರು ಆರಿಸಿದರೆ ತಗ್ಗುತ್ತದೆ,
ಹಚ್ಚಿದರೆ ಏರುತ್ತದೆ.
ಒಳಗೆ ಯಾರೋ ಹಲ್ಲು ಕಚ್ಚಿಕೊಂಡು ಕೂತಿದ್ದಾರೆ.

ಅಮ್ಮನಿಗೆ ಹೇಳಲು ಹೋದೆ. ಹೇಗೆ ಹೇಳುವುದು?
ಸದ್ದು ಎನ್ನಲು ಕಿವಿಯತ್ತ ಬೆರಳು ಸಾಕು.
ಎಂಥ ಸದ್ದು? ಅಮ್ಮನ ಹುಬ್ಬು ಗಂಟಾಯಿತು.
ದುಂಬಿ ಎಂದೆ. ಕಿಟಕಿಯಲ್ಲಿ ದುಂಬಿ ಹುಡುಕಿದಳು.
ಹಾಡು ಎಂದೆ. ಗೋಡೆ ಹಾಡುತ್ತದೆಯೆ, ನಕ್ಕಳು.
ಬೆಕ್ಕು ಎಂದೆ. ಮಲಗಿದ ಬೆಕ್ಕಿನ ಗಂಟಲು.
ಅವಳ ಕೈ ಗಾಳಿಯಲ್ಲೇ ನಿಂತಿತು.
ಆ ಗಂಟಲು ಅವಳಿಗೆ ಗೊತ್ತು,
ದಿನಾ ರಾತ್ರಿ ಮಡಿಲಲ್ಲಿ ಮುಟ್ಟಿ ಬಲ್ಲಳು.

ಅಪ್ಪ ಎದ್ದು ಬಂದ.
ಬೋರ್ಡಿನ ಪಕ್ಕದ ಮರದ ಗೋಡೆಗೆ ಅಂಗೈ ಊರಿ
ಕಣ್ಣು ಮುಚ್ಚಿದ, ಕಛೇರಿಯಲ್ಲಿ ಕೂತವರ ಹಾಗೆ.
ಕಿವುಡರ ಮುಂದೆ ಕಿನ್ನರಿ ಎಂದು
ಗಾದೆ ಕಟ್ಟಿದವರು ಯಾರೋ,
ಕಿನ್ನರಿಯ ಮೇಲೆ ಕೈಯಿಡಲು ಬಿಟ್ಟಿರಲಿಲ್ಲ.

ಆಮೇಲೆ ಮೂಸಿದ. ಮೀನು.
ದಿನವಿಡೀ ಕಡಲಿನ ಮಾಲಿನ ನಡುವೆ ನಿಂತವನಿಗೆ
ಮೀನಲ್ಲದ ಮೀನಿನ ವಾಸನೆ ತಿಳಿಯದೆ?
ಸರಕ್ಕನೆ ಮೇನ್ ಸ್ವಿಚ್ಚು ಕೆಳಗೆಳೆದ.

ಕತ್ತಲಾದರೆ ನಮ್ಮ ಮನೆಯಲ್ಲಿ ಮಾತೂ ಆರುತ್ತದೆ.
ಟಾರ್ಚು ಸಿಗುವ ತನಕ ಅಮ್ಮ
ನನ್ನ ಅಂಗೈಯೊಳಗೆ ಒಂದೊಂದೇ ಅಕ್ಷರ ಬರೆದಳು:
ಹೆದರಬೇಡ.
ಬರೆಯುವ ಬೆರಳು ನಡುಗುತ್ತಿತ್ತು.

ಬೆಳಿಗ್ಗೆ ಬಂದವನು ಸೆಮಿಸಿ, ಟೊಂಗಾ ಕಡೆಯವನು,
ಬಾಗಿಲಿನಷ್ಟೇ ಅಗಲ.
ಮುಚ್ಚಳ ಬಿಚ್ಚಿ ನನ್ನನ್ನು ಕರೆದ:
ಸ್ಕ್ರೂ ಸಡಿಲ ಅಂತ ಹೇಳು ನಿಮ್ಮಪ್ಪನಿಗೆ.
ಹೇಳಿದೆ. ಅಪ್ಪ ತನ್ನ ತಲೆ ಮುಟ್ಟಿ, ಇದರದೋ ಎಂದ.
ಸೆಮಿಸಿ ನಗಲಿಲ್ಲ. ಸುಟ್ಟು ಕಪ್ಪಾದ ತಂತಿ ತೋರಿಸಿ
ಇನ್ನೆರಡು ರಾತ್ರಿ ಹೀಗೇ ಬಿಟ್ಟಿದ್ದರೆ, ಎಂದ.
ಆ ವಾಕ್ಯವನ್ನು ನಾನು ದಾಟಿಸಲಿಲ್ಲ.
ಹಣ ಎಷ್ಟಾಗುತ್ತದಂತೆ ಎಂದು ಅಮ್ಮ ಕೇಳಿದಳು,
ಅಪ್ಪ ತಂತಿಯನ್ನೇ ನೋಡುತ್ತಿದ್ದ.

ಮೊದಲು ಕಂಡುಹಿಡಿದಿದ್ದು ಯಾರು?
ನಾನು ಅಪ್ಪನನ್ನು ತೋರಿಸಿದೆ.
ಅಪ್ಪ ನನ್ನನ್ನು.
ಅಮ್ಮ ಬೆಕ್ಕನ್ನು.

ಹೊಸ ಸ್ವಿಚ್ಚು, ಹೊಸ ಮುಚ್ಚಳ, ಬಿಲ್ಲಿಗೆ ಎರಡು ಕಂತು.
ಆ ರಾತ್ರಿ ಎಲ್ಲ ಉರಿಯುತ್ತಿದ್ದರೂ
ಗೋಡೆ ಸುಮ್ಮನಿತ್ತು.
ಅಷ್ಟು ಸುಮ್ಮನಿರುವುದು ನಂಬುವಂಥದ್ದಲ್ಲ ಎನಿಸಿ
ನಿದ್ದೆ ಹತ್ತದೆ ಎದ್ದೆ.
ಹಜಾರದ ಕತ್ತಲಲ್ಲಿ ತಡವುತ್ತ ಹೋಗಿ
ಗೋಡೆಗೆ ಅಂಗೈ ಇಟ್ಟರೆ
ಅಲ್ಲಿ ಆಗಲೇ ಒಂದು ಕೈ,
ತಣ್ಣಗೆ,
ಗೀರು ಗೀರಾಗಿ, ಉಪ್ಪು ವಾಸನೆಯದು.